ಲಗ್ನದ ವಿಡಿಯೋದಾಗ ಹಸಿರು ಚೌಕ: ಸ್ಟುಡಿಯೋ ಮಷೀನಿನ ಆರ್‌ಎಕ್ಸ್ 580 ಬಿಚ್ಚಿ ನೋಡಿದ್ದು

ಮೊದಲ ಮಷೀನ್ ಏನೈತಿ ಅಂತ ಹೇಳಿಬಿಡ್ತೀನಿ. ರೈಜೆನ್ 5 2600, ಬಿ450 ಬೋರ್ಡ್, 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಎರಡು ಹಾರ್ಡ್‌ಡಿಸ್ಕ್, ಸೆಕೆಂಡ್ ಹ್ಯಾಂಡ್ ತಗೊಂಡ ಆರ್‌ಎಕ್ಸ್ 580 8 ಜಿಬಿ ಗ್ರಾಫಿಕ್ಸ್ ಕಾರ್ಡ್ (ಚಿತ್ರ ತಯಾರ ಮಾಡಿ ಮಾನಿಟರಿಗೆ ಕಳಿಸೋದು), ಮತ್ತ ಕ್ಯಾಬಿನೆಟ್ ಜೋಡಿನ ಬಂದಿದ್ದ, ಎಲ್ಲಾದಕ್ಕೂ ಕರೆಂಟ್ ಕೊಡೋ ಒಂದು ಲೋಕಲ್ ಎಸ್‌ಎಂಪಿಎಸ್. ಬಾಗಲಕೋಟಿ ನವನಗರದಾಗ ಲಗ್ನದ ಫೋಟೋ-ವಿಡಿಯೋ ಮಾಡೋ ಕಾಕಾ ಒಬ್ರು ಅದಾರ, ಅವರ ಸ್ಟುಡಿಯೋದ ಮಷೀನ್ ಇದು. ಹಗಲೆಲ್ಲಾ ಫೋಟೋಶಾಪ್‌ನಾಗ ಆಲ್ಬಂ ಡಿಸೈನು, ರಾತ್ರಿ ಪ್ರೀಮಿಯರ್‌ನಾಗ ವಿಡಿಯೋ ಎಕ್ಸ್‌ಪೋರ್ಟ್. ಬಸವ ಜಯಂತಿ ಮುಂದ-ಹಿಂದ ನಮ್ಮ ಕಡೆ ಲಗ್ನ ಎಷ್ಟಿರ್ತಾವ ಅಂತ ನಿಮಗ ಗೊತ್ತೈತಲ್ಲ, ಆ ಟೈಮಿನ್ಯಾಗ ಮಷೀನ್ ಕೈ ಕೊಟ್ಟೈತಿ.

ಕಾಕಾ ಫೋನ್ ಮಾಡಿದವ್ರ, "ತಮ್ಮಾ, ಸುರಗಿ ಸುತ್ತೋ ಸೀನಿನ್ಯಾಗ ಮದಿಮಗಳ ಮಾರಿ ಮ್ಯಾಲ ಹಸಿರು ಚೌಕ ಬಂದಾವಪಾ, ಪಾರ್ಟಿಯವ್ರಿಗೆ ಏನಂತ ಹೇಳ್ಲಿ" ಅಂದ್ರು. ಅದರ ಜೋಡಿ ಇನ್ನೊಂದು ತ್ರಾಸು, ಎಕ್ಸ್‌ಪೋರ್ಟ್ ಅರ್ಧಕ್ಕ ಬಂದಾಗ ಮಷೀನ್ ಟಪ್ ಅಂತ ಆಫ್ ಆಗಿ ತಾನ ಮತ್ತ ಚಾಲೂ ಆಗತೈತಿ. ಇದಕ್ಕ ಮೊದಲ ಒಂದು ಅಂಗಡಿಗೆ ಒಯ್ದಿದ್ರು, ಅಲ್ಲಿ ವಿಂಡೋಸ್ ಫಾರ್ಮ್ಯಾಟ್ ಮಾಡಿ ಕೊಟ್ಟಿದ್ರು, ಮತ್ತ ಹಂಗ ಆದಾಗ "ಕಾರ್ಡ್ ಹೋಗೈತ್ರಿ, ಹೊಸಾದು ಹಾಕಸ್ರಿ" ಅಂದು ಕಳಿಸಿದ್ರು. ಕಾರ್ಡ್ ಹೋಗೈತಿ ಅನ್ನೋದು ಅರ್ಧ ಖರೆ ಇತ್ತು. ಆದ್ರ ಅವರ ಮಾತು ಕೇಳಿ ಹೊಸ ಕಾರ್ಡ್ ಹಾಕಿದ್ದಿದ್ರ ಆ ಹೊಸ ಕಾರ್ಡೂ ಅದ ಎಸ್‌ಎಂಪಿಎಸ್ ಮ್ಯಾಲ ಕುಂದ್ರತಿತ್ತು, ರೀಸ್ಟಾರ್ಟ್ ಹಂಗ ಉಳಿತಿತ್ತು, ಆಮ್ಯಾಲ ಬೋರ್ಡ್ ಹೋಗೈತಿ ಅಂತಿದ್ರು. ಯಾಕಂದ್ರ ಇಲ್ಲಿ ಇದ್ದದ್ದು ಎರಡು ಬ್ಯಾರೆ ಬ್ಯಾರೆ ರೋಗ, ಎರಡೂ ಎಕ್ಸ್‌ಪೋರ್ಟ್ ಟೈಮಿಗೇ ಕಾಣಿಸ್ಕೊಳ್ಳೋದ್ರಿಂದ ಒಂದ ಅನ್ನಿಸ್ತಿತ್ತು.

ಎರಡು ಅಂತ ಹೆಂಗ ಗೊತ್ತಾತು ಅಂದ್ರ, ಸ್ಕ್ರೂ ಡ್ರೈವರ್ ಹಿಡಿಯೋಕಿಂತ ಮೊದಲ ಮಷೀನಿನ್ಯಾಗ ಏನೇನಾತು ಅಂತ ವಿಂಡೋಸ್ ಬರದಿಡೋ ಇವೆಂಟ್ ವ್ಯೂವರ್ ತಗದು ನೋಡಿದೆ. ವಿಂಡೋಸ್ ಲಾಗ್ಸ್, ಅದರಾಗ ಸಿಸ್ಟಮ್. ಫಾರ್ಮ್ಯಾಟ್ ಆದ ಮ್ಯಾಲಿನ ದಾಖಲೆ ಅಷ್ಟ ಇತ್ತು, ಆದ್ರ ಅಷ್ಟ ಸಾಕಾತು. ಡಿಸ್‌ಪ್ಲೇ ಹೆಸರಿನ್ಯಾಗ 4101 ನಂಬರಿನ ಎಂಟ್ರಿ ಸುಮಾರು ಇದ್ವು. ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡೋದು ನಿಲ್ಲಿಸಿತ್ತು, ಈಗ ಸರಿ ಆಗೈತಿ ಅನ್ನೋ ಅರ್ಥದ್ದು ಅದು. ಕಾರ್ಡಿಗೆ ಕೊಟ್ಟ ಕೆಲಸಕ್ಕ 2 ಸೆಕೆಂಡ್ ಒಳಗ ಉತ್ತರ ಬರ್ಲಿಲ್ಲ ಅಂದ್ರ ವಿಂಡೋಸ್ ತಾನ ಡ್ರೈವರ್ ರೀಸೆಟ್ ಮಾಡತೈತಿ, ಆಗ ಸ್ಕ್ರೀನ್ ಒಮ್ಮೆ ಕಪ್ಪಾಗಿ ವಾಪಸ್ ಬರತೈತಿ, ಅದನ್ನ ಟಿಡಿಆರ್ ಅಂತಾರ. ಇನ್ನೊಂದು ಎಂಟ್ರಿ ಕರ್ನಲ್-ಪವರ್ 41, ಅಂದ್ರ ಮಷೀನ್ ಸರಿಯಾಗಿ ಶಟ್‌ಡೌನ್ ಆಗದ ಬಿದ್ದೈತಿ ಅಂತ. ಅದರ ಡೀಟೇಲ್ಸ್‌ನಾಗ ಬಗ್‌ಚೆಕ್ ಕೋಡ್ ಸೊನ್ನೆ ಇತ್ತು. ಕಾರ್ಡಿನ ಡ್ರೈವರ್ ಕುಸಿದು ಬ್ಲೂ ಸ್ಕ್ರೀನ್ ಬಂದಿದ್ರ ಅಲ್ಲಿ ಸಾಮಾನ್ಯವಾಗಿ ಒಂದು ನಂಬರ್ ಇರ್ತಿತ್ತು. ಸೊನ್ನೆ ಅಂದ್ರ ವಿಂಡೋಸಿಗೆ ಬರಕೊಳ್ಳಾಕ ಟೈಮ ಸಿಗಲಿಲ್ಲ, ಕರೆಂಟ್ ಕಿತ್ತಂಗ ಆಗೈತಿ. ಅದಕ್ಕಿಂತ ದೊಡ್ಡ ಸುಳಿವು ಅಂದ್ರ ಟೈಮಿಂಗು: 4101 ಬಂದ ಹೊತ್ತಿಗೆ ರೀಸ್ಟಾರ್ಟ್ ಇಲ್ಲ, ರೀಸ್ಟಾರ್ಟ್ ಆದ ಹೊತ್ತಿಗೆ ಅದಕ್ಕ ಮೊದಲ 4101 ಇಲ್ಲ. ಅಲ್ಲೇ ಎರಡು ಹಾಳಿ ತಗೊಂಡು ಒಂದರ ಮ್ಯಾಲ ಚೌಕ, ಇನ್ನೊಂದರ ಮ್ಯಾಲ ರೀಸ್ಟಾರ್ಟ್ ಅಂತ ಬರದೆ.

ಮೊದಲ ರೀಸ್ಟಾರ್ಟ್ ಹಿಡದೆ, ಯಾಕಂದ್ರ ಕರೆಂಟಿನ ತ್ರಾಸು ಇರೋವಾಗ ಬ್ಯಾರೆ ಯಾವ ಟೆಸ್ಟೂ ನಂಬಾಕ ಬರಂಗಿಲ್ಲ. ಯುಪಿಎಸ್ ಬಿಟ್ಟು ನೇರ ಗ್ವಾಡಿ ಪ್ಲಗ್ಗಿಗೆ ಹಚ್ಚಿದ್ರೂ ಹಂಗ ಆತು, ಹಂಗಾಗಿ ಯುಪಿಎಸ್ ತಪ್ಪಲ್ಲ. ಸೈಡ್ ಪ್ಯಾನಲ್ ತಗದೆ. ಧೂಳು ಹೇಳೋದ ಬ್ಯಾಡ, ಬ್ಯಾಸಗಿಯಾಗ ರೋಡ್ ಕಡೆ ಬಾಗಿಲಾ ತಗದಿಟ್ಟ ಅಂಗಡಿಯಾಗ ಎಷ್ಟು ಕುಂದ್ರತೈತೋ ಅಷ್ಟು. ಧೂಳಿನ ಕೆಳಗ ಕಾರ್ಡಿನ 8 ಪಿನ್ ಸಾಕೆಟ್ಟಿಗೆ ಹೋಗಿದ್ದ ವೈರ್ ನೋಡಿ ಎದಿ ಝಲ್ ಅಂತು. ಎಸ್‌ಎಂಪಿಎಸ್‌ನಾಗ ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲ ಇರ್ಲಿಲ್ಲ, ಹಾರ್ಡ್‌ಡಿಸ್ಕಿಗೆ ಹಚ್ಚೋ ಸಾಟಾ ಪವರ್ ಕನೆಕ್ಟರ್ ಎರಡು ಸೇರಿಸಿ 8 ಪಿನ್ ಮಾಡೋ ಅಡಾಪ್ಟರ್ ಹಾಕಿದ್ರು, ಅವೆರಡೂ ಒಂದ ಕೇಬಲ್ಲಿನ ಮ್ಯಾಲ.

ಅಡಾಪ್ಟರ್ ಜಗ್ಗಿದ್ರ ಬರ್ಲೊಲ್ತು. ಮೆಲ್ಲಕ ಅಲ್ಲಾಡಿಸಿ ತಗದಾಗ ಕಪ್ಪು ಪ್ಲಾಸ್ಟಿಕ್ಕಿನ ಒಂದು ತುದಿ ಕಂದು ಬಣ್ಣಕ್ಕ ತಿರುಗಿ ಗುಳ್ಳಿ ಎದ್ದಿತ್ತು, ಹಳದಿ ವೈರ್ ಒಳಗ ಹೋಗೋ ಜಾಗಾದಾಗ ವೈರಿನ ಮ್ಯಾಲಿನ ರಬ್ಬರ್ ಗಟ್ಟಿ ಆಗಿ ಸೀಳಿತ್ತು, ಮೂಗಿಗೆ ಹಿಡದ್ರ ಸುಟ್ಟ ವಾಸನಿ ಇನ್ನೂ ಇತ್ತು. ಆ ತುದಿ 12 ವೋಲ್ಟಿನ ಪಿನ್‌ಗಳ ತುದಿ. ಸಾಟಾ ಪವರ್ ಕನೆಕ್ಟರಿನ್ಯಾಗ 12 ವೋಲ್ಟಿಗೆ ಮೂರು ಸಣ್ಣ ಪಿನ್, ಒಂದೊಂದು ಒಂದೂವರೆ ಆಂಪಿಯರಿನದು, ಅಂದ್ರ ಒಟ್ಟು 4.5 ಆಂಪಿಯರ್, 54 ವ್ಯಾಟ್. 8 ಪಿನ್ ಸಾಕೆಟ್ ಕೇಳೋ ಹಕ್ಕು 150 ವ್ಯಾಟ್. ಎರಡು ಸಾಟಾ ಸೇರಿಸಿದ್ರೂ 108, ಅದೂ ಪಿನ್ ಎಲ್ಲಾ ಹೊಸಾದಿದ್ದು ಗಟ್ಟಿ ಕುಂತಿದ್ರ. ಈ ಅಡಾಪ್ಟರ್ ಮಾರಾಕ ಇಡೋದ ತಪ್ಪು ಅಂತ ನನ್ನ ಅಭಿಪ್ರಾಯ. ಕಾಕಾನ ನಸೀಬ್ ಚಲೋ ಇತ್ತು, ಬೆಂಕಿ ಹತ್ತಲಿಲ್ಲ, ಪಕ್ಕದಾಗ ಇದ್ದ ಹಾರ್ಡ್‌ಡಿಸ್ಕಿನ್ಯಾಗ ಆ ಸೀಸನ್ನಿನ ಎಲ್ಲಾ ಲಗ್ನದ ಫೂಟೇಜ್ ಇತ್ತು.

ಇನ್ನ ಎಸ್‌ಎಂಪಿಎಸ್ ಮೈಮ್ಯಾಲಿನ ಸ್ಟಿಕ್ಕರ್. ದೊಡ್ಡ ಅಕ್ಷರದಾಗ 450 ಅಂತ ಐತಿ. ಕೆಳಗ ಸಣ್ಣ ಟೇಬಲ್ ಓದಿದ್ರ 12 ವೋಲ್ಟ್ ಲೈನಿಗೆ 18 ಆಂಪಿಯರ್, ಗುಣಿಸಿದ್ರ 216 ವ್ಯಾಟ್. ಆರ್‌ಎಕ್ಸ್ 580 ಒಂದ 185 ವ್ಯಾಟ್ ತಿಂತೈತಿ, ಪ್ರೊಸೆಸರ್ 65, ಅಲ್ಲಿಗೇ 250 ಆತು, ಮ್ಯಾಲ ಡಿಸ್ಕು ಫ್ಯಾನು ಬ್ಯಾರೆ. ಎಸ್‌ಎಂಪಿಎಸ್ ತಗೊಳ್ಳೋವಾಗ ದೊಡ್ಡ ನಂಬರ್ ನೋಡಬ್ಯಾಡ್ರಿ, ಆ ಸಣ್ಣ ಟೇಬಲ್ಲಿನ 12 ವೋಲ್ಟ್ ಆಂಪಿಯರ್ ನೋಡ್ರಿ ಅಂತ ನಾನು ಯಾವಾಗ್ಲೂ ಹೇಳೋದು ಇದಕ್ಕ.

ಸುಟ್ಟ ಅಡಾಪ್ಟರ್ ಮತ್ತ ಹಚ್ಚಿ ಅಳಿಯಾಕ ಮನಸ ಬರ್ಲಿಲ್ಲ. ಲೋಡ್ ಅಂತೂ ಬ್ಯಾಡ ಅಂತ ಬಿಟ್ಟೆ, ಪಿನ್ನಿನ ಸ್ಥಿತಿನ ಎಲ್ಲಾ ಹೇಳತಿತ್ತು. ನನ್ನ ಹತ್ರ ಇದ್ದ 550 ವ್ಯಾಟಿನ ಬ್ರಾಂಜ್ ರೇಟಿಂಗಿನ ಎಸ್‌ಎಂಪಿಎಸ್ ಹಾಕಿ, ಅದರದ ಸ್ವಂತ 8 ಪಿನ್ ಕೇಬಲ್ ಹಚ್ಚಿ, ಮಲ್ಟಿಮೀಟರಿನ ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಕಡ್ಡಿ ಕನೆಕ್ಟರ್ ಹಿಂದಿಂದ ಹಳದಿ ವೈರಿನ ಪಿನ್ನಿಗೆ ಹಿಡದೆ. ಸುಮ್ನ ಇದ್ದಾಗ 12.1, ಕಾರ್ಡಿಗೆ ಪೂರಾ ಲೋಡ್ ಕೊಡೋ ಫರ್‌ಮಾರ್ಕ್ ಓಡಿಸಿದಾಗ 11.9. ನಿಯಮದ ಪ್ರಕಾರ 12ಕ್ಕ ಐದು ಪರ್ಸೆಂಟ್ ಮ್ಯಾಲ-ಕೆಳಗ, ಅಂದ್ರ 11.4ಕ್ಕಿಂತ ಇಳಿಬಾರದು. ಈ ಕೆಲಸ ಮಾಡೋವಾಗ ಕೈ ನಡುಗಬಾರದು ನೋಡ್ರಿ, ಕಡ್ಡಿ ಜಾರಿ ಪಕ್ಕದ ಪಿನ್ನಿಗೆ ತಾಗಿದ್ರ ಕಥಿನ ಬ್ಯಾರೆ ಆಗತೈತಿ. ಅವತ್ತಿಂದ ರೀಸ್ಟಾರ್ಟ್ ಒಮ್ಮೆನೂ ಆಗಿಲ್ಲ. ಒಂದು ಹಾಳಿ ಹರದು ಹಾಕಿದೆ.

ಚೌಕ ಮಾತ್ರ ಹಂಗ ಇದ್ವು.

ಇಲ್ಲಿ ಮೊದಲ ಮಾನಿಟರ್, ಕೇಬಲ್ ಮ್ಯಾಲಿನ ಅನುಮಾನ ತಗೀಬೇಕು. ಅದಕ್ಕ ಒಂದು ಸಸ್ತಾ ಉಪಾಯ ಐತಿ. ಚೌಕ ಕಾಣೋವಾಗ ಪ್ರಿಂಟ್ ಸ್ಕ್ರೀನ್ ಒತ್ತಿ ಆ ಫೋಟೋ ಮೊಬೈಲಿಗೆ ಕಳಿಸಿ ಅಲ್ಲಿ ನೋಡ್ರಿ. ಮೊಬೈಲಿನ್ಯಾಗ ಕ್ಲೀನ್ ಕಂಡ್ರ ತ್ರಾಸು ಕಾರ್ಡಿನ ಔಟ್‌ಪುಟ್ಟಿಂದ ಆಚೆ, ಅಂದ್ರ ಕೇಬಲ್ ಇಲ್ಲಾ ಮಾನಿಟರ್ ಇರಬಹುದು. ಮೊಬೈಲಿನ್ಯಾಗೂ ಚೌಕ ಇದ್ರ ಚಿತ್ರ ಕಾರ್ಡಿನ ಒಳಗ ಕೆಟ್ಟೈತಿ. ನಮ್ಮದರಾಗ ಮೊಬೈಲಿನ್ಯಾಗೂ ಇದ್ವು, ಅಲ್ಲದ ಎಕ್ಸ್‌ಪೋರ್ಟ್ ಆದ ಫೈಲಿನ್ಯಾಗ ಬಂದಾವ ಅಂದ ಮ್ಯಾಲ ಮಾನಿಟರನ್ನ ಬೈದು ಉಪಯೋಗ ಇಲ್ಲ. ಆಮ್ಯಾಲ ಒಂದು ಹಳೆ ಜಿಟಿ 710 ಕಾರ್ಡ್ ಅದ ಸ್ಲಾಟಿನ್ಯಾಗ ಹಾಕಿ ಅರ್ಧ ದಿನ ಬಿಟ್ಟೆ, ಒಂದು ಚುಕ್ಕಿನೂ ಇಲ್ಲ. ಸ್ಲಾಟ್ ಚಲೋ ಐತಿ. ಆದ್ರ ಹುಷಾರು, ಜಿಟಿ 710 ತಿನ್ನೋದ 19 ವ್ಯಾಟ್, ಹಂಗಾಗಿ ಅದು ಚಲೋ ನಡದ್ರ ಎಸ್‌ಎಂಪಿಎಸ್ ಚಲೋ ಐತಿ ಅಂತ ಅರ್ಥ ಅಲ್ಲ. ಭಾಳ ಮಂದಿ ಇಲ್ಲೇ ಎಡವತಾರ, ಸಣ್ಣ ಕಾರ್ಡ್ ಹಾಕಿದಾಗ ಎಲ್ಲಾ ಸರಿ ಹೋತು ಅಂದ್ರ ದೊಡ್ಡ ಕಾರ್ಡ್ ಹೋಗೈತಿ ಅಂತ ತೀರ್ಪು ಕೊಟ್ಟ ಬಿಡ್ತಾರ.

ಇನ್ನ ತಲಿ ತಿಂದ ಪ್ರಶ್ನೆ. ವಿಂಡೋಸ್ ಚಾಲೂ ಆಗೋಕಿಂತ ಮೊದಲ ಬರೋ ಬಯಾಸ್ ಸ್ಕ್ರೀನಿನ್ಯಾಗ ಚೌಕ ಇಲ್ಲ. ನಾನು ನನ್ನ ಟೇಬಲ್ ಮ್ಯಾಲ ಬರೇ ಕಾರ್ಡ್ ಹಚ್ಚಿ ಡೆಸ್ಕ್‌ಟಾಪ್ ಮ್ಯಾಲ ಬಿಟ್ರ ಇಲ್ಲ. ಕಾಕಾನ ಟೇಬಲ್ ಮ್ಯಾಲ ಇಟ್ರ ಸುಮ್ನ ಫೈಲ್ ಕಾಪಿ ಮಾಡೋವಾಗೂ ಬರತಾವ. ಬಯಾಸಿನ್ಯಾಗ ಬರಂಗಿಲ್ಲ ಅಂದ್ರ ಡ್ರೈವರ್ ತ್ರಾಸು ಅಂತ ಹೇಳೋರು ಇದಾರ, ಡಿಡಿಯು ಹಾಕಿ ಸೇಫ್ ಮೋಡಿನ್ಯಾಗ ಹಳೆ ಡ್ರೈವರ್ ಪೂರಾ ಒರಸಿ ಹೊಸಾದು ಹಾಕಿದೆ, ಏನೂ ಫರಕ್ ಇಲ್ಲ. ಕಾರಣ ಬ್ಯಾರೆ ಕಡೆ ಇತ್ತು. ಕಾಕಾ ಇತ್ತೀಚಿಗೆ ಎರಡನೇ ಮಾನಿಟರ್ ತಗೊಂಡಿದ್ರು, ಒಂದರಾಗ ಟೈಮ್‌ಲೈನ್, ಇನ್ನೊಂದರಾಗ ಪ್ರಿವ್ಯೂ. ಆರ್‌ಎಕ್ಸ್ 580ಗೆ ಒಂದ ಮಾನಿಟರ್ ಇದ್ದು ಕೆಲಸ ಇಲ್ಲ ಅಂದ್ರ ಮೆಮೊರಿ 300 ಮೆಗಾಹರ್ಟ್ಸ್‌ಗೆ ಇಳದು ನಿದ್ದಿ ಮಾಡತೈತಿ. ಎರಡು ಮಾನಿಟರ್ ಹಚ್ಚಿದ್ರ, ಅದೂ ಬ್ಯಾರೆ ಬ್ಯಾರೆ ನಮೂನಿದು ಇದ್ರ, ಸುಮ್ನ ಕುಂತಾಗೂ ಮೆಮೊರಿ ಪೂರಾ ಸ್ಪೀಡಿನ್ಯಾಗ ಓಡತೈತಿ. ಕಾರ್ಡಿನ ಸ್ಪೀಡ್ ತೋರಸೋ ಜಿಪಿಯು-ಝಡ್ ತಗದು ಎರಡನೇ ಕೇಬಲ್ ಕಿತ್ತು ಹಚ್ಚಿ ಕಿತ್ತು ಹಚ್ಚಿ ನೋಡಿದ್ರ ನಂಬರ್ ಕಣ್ಣ ಮುಂದ ಏರತಿತ್ತು ಇಳಿತಿತ್ತು, ಅದರ ಜೋಡಿ ಚೌಕಾನೂ. ಅಂದ್ರ ಮೆಮೊರಿ ನಿಧಾನ ಇದ್ದಾಗ ಆರಾಮ, ಜೋರು ಓಡಿದ್ರ ತಪ್ಪತೈತಿ. ಬೆಟ್ಟು ನೇರ ಕಾರ್ಡಿನ ಸ್ವಂತ ಮೆಮೊರಿ, ಅಂದ್ರ ವಿರ‍್ಯಾಮ್ ಕಡೆ ಹೋತು.

ಆದ್ರ ಜಿಪಿಯು-ಝಡ್‌ನಾಗ ಇನ್ನೊಂದು ಕಣ್ಣಿಗೆ ಬಿತ್ತು. ಆರ್‌ಎಕ್ಸ್ 580 8 ಜಿಬಿ ಕಾರ್ಡಿನ ಮೆಮೊರಿ ಕಂಪನಿ ಲೆಕ್ಕದಾಗ 2000 ಮೆಗಾಹರ್ಟ್ಸ್ ಇರಬೇಕು, ಕೋರ್ (ಮುಖ್ಯ ಚಿಪ್) 1300ರ ಆಸುಪಾಸು. ಇದರಾಗ ಡಿಫಾಲ್ಟ್ ಕಾಲಮ್ಮಿನ್ಯಾಗನ ಕೋರ್ 1150, ಮೆಮೊರಿ 2100. ಕೋರ್ ಇಳಿಸಿ ಮೆಮೊರಿ ಏರಿಸಿದ ಕಾರ್ಡ್ ಅಂದ್ರ ಎಲ್ಲಿಂದ ಬಂದೈತಿ ಅಂತ ಹೇಳೋದ ಬ್ಯಾಡ, ಮೈನಿಂಗ್, ಅಂದ್ರ ಕಾರ್ಡ್ ಹಗಲು ರಾತ್ರಿ ಓಡಿಸಿ ಇಥೀರಿಯಮ್ ತರದ ಡಿಜಿಟಲ್ ನಾಣ್ಯ ಗಳಿಸೋ ಕೆಲಸ. ಇಥೀರಿಯಮ್ ಮೈನಿಂಗಿಗೆ ಕೋರಿಗಿಂತ ಮೆಮೊರಿ ಸ್ಪೀಡ್ ಮುಖ್ಯ ಇತ್ತು, ಕಾರ್ಡಿಗೂ ತನ್ನದ ಒಂದು ಬಯಾಸ್ ಇರತೈತಿ (ಸ್ಪೀಡ್ ಎಷ್ಟು ಅಂತ ಅದರಾಗ ಬರದಿರತೈತಿ), ಅದನ್ನ ತಿದ್ದಿ ಹಿಂಗ ಮಾಡತಿದ್ರು, 2022ರ ಸೆಪ್ಟೆಂಬರಿನ್ಯಾಗ ಇಥೀರಿಯಮ್ ಮೈನಿಂಗ್ ಬಂದ್ ಆದ ಮ್ಯಾಲ ಆ ಕಾರ್ಡೆಲ್ಲಾ ಸಸ್ತಾ ರೇಟಿಗೆ ಮಾರ್ಕೆಟ್ಟಿಗೆ ಬಂದ್ವು. ಕಾಕಾಗ ಮಾರಿದವ ಒರಸಿ ಪಳಪಳ ಮಾಡಿ ಕೊಟ್ಟಿದ್ದ, ಒಳಗಿನ ಬಯಾಸ್ ಹಂಗ ಬಿಟ್ಟಿದ್ದ. ಪುಣ್ಯಕ್ಕ ಈ ಮಾಡೆಲ್ಲಿನ್ಯಾಗ ಅಂಚಿಗೆ ಸಣ್ಣ ಸ್ವಿಚ್ ಐತಿ, ಎರಡು ಬಯಾಸ್ ಇರ್ತಾವ. ಮಷೀನ್ ಆಫ್ ಮಾಡಿ ಸ್ವಿಚ್ ಆ ಕಡೆ ಸರಿಸಿ ಹಚ್ಚಿದೆ, 2000 ಬಂತು. ಆ ಕಡೆದನ್ನ ಮುಟ್ಟಿರ್ಲಿಲ್ಲ.

ಇಷ್ಟಕ್ಕ ಚೌಕ ಕಮ್ಮಿ ಆದ್ವು, ಪೂರಾ ಹೋಗ್ಲಿಲ್ಲ. ಕಣ್ಣಿಂದ ಎಣಿಸೋದ್ರಿಂದ ಏನೂ ಹೇಳಾಕ ಬರಂಗಿಲ್ಲ, ಅದಕ್ಕ ಎಚ್‌ಡಬ್ಲ್ಯೂ-ಇನ್ಫೋ ಹಾಕಿದೆ. ಈ ತಲಿಮಾರಿನ ಎಎಂಡಿ ಕಾರ್ಡಿಗೆ ಅದರಾಗ ಜಿಪಿಯು ಮೆಮೊರಿ ಎರರ್ಸ್ ಅಂತ ಒಂದು ಸಾಲು ಬರತೈತಿ. ಜಿಡಿಡಿಆರ್5 ಮೆಮೊರಿ ಮತ್ತ ಜಿಪಿಯು ನಡುವ ಡೇಟಾ ಹೋಗೋ-ಬರೋವಾಗ ತಪ್ಪು ಹಿಡಿಯೋ ವ್ಯವಸ್ಥಾ ಐತಿ, ಆ ತಪ್ಪಿನ ಲೆಕ್ಕ ಇಲ್ಲಿ ಏರಕೊಂತ ಹೋಗತೈತಿ. ಚಲೋ ಕಾರ್ಡಿನ್ಯಾಗ ಎಷ್ಟು ಓಡಿಸಿದ್ರೂ ಸೊನ್ನೆ ಇರಬೇಕು. ನಮ್ಮದು ಮೈನಿಂಗ್ ಬಯಾಸಿನ್ಯಾಗ ನಿಮಿಷಕ್ಕ ಸಾವಿರಗಟ್ಟಲೆ ಏರತಿತ್ತು, ಒರಿಜಿನಲ್ ಬಯಾಸಿನ್ಯಾಗ ಹತ್ತಿಪ್ಪತ್ತು. ಆ ಸಾಲಿನ ಜೋಡಿ ಮೆಮ್‌ಟೆಸ್ಟ್ ವಲ್ಕನ್ ಅನ್ನೋ ಸಣ್ಣ ಪ್ರೋಗ್ರಾಮ್ ಓಡಿಸಿದೆ, ಫ್ರೀ ಐತಿ, ವಿರ‍್ಯಾಮ್ ತುಂಬ ಬರದು ವಾಪಸ್ ಓದಿ ತಾಳಿ ನೋಡತೈತಿ. ತಂಪಿದ್ದಾಗ ಪಾಸು, ಕಾರ್ಡ್ 80 ಡಿಗ್ರಿ ದಾಟಿದ ಮ್ಯಾಲ ಫೇಲು. ಮ್ಯಾಲಿಂದ ಮ್ಯಾಲ ಫರ್‌ಮಾರ್ಕ್ ಓಡಿಸಿ ಹಳೆ ಕಾರ್ಡನ್ನ ಕಾಡಬ್ಯಾಡ್ರಿ, ಅದು ಕೋರಿನ ಬಿಸಿ ತೋರಸ್ತೈತಿ, ಮೆಮೊರಿ ತಪ್ಪು ಎಣಸಂಗಿಲ್ಲ.

ಬಿಸಿಗೆ ತಪ್ಪತೈತಿ ಅಂದ್ರ ಬಿಚ್ಚಾಕ ಬೇಕು. ಹಿಂದಿನ ನಾಲ್ಕು ಸ್ಪ್ರಿಂಗ್ ಸ್ಕ್ರೂ ಒಂದೊಂದು ಸುತ್ತು ಎದುರು-ಬದುರು ಸಡ್ಲ ಮಾಡಿ, ಹೀಟ್‌ಸಿಂಕ್ ಜಗ್ಗದ ಮೆಲ್ಲಕ ತಿರುವಿ ಎಬ್ಬಿಸಬೇಕು, ಯಾಕಂದ್ರ ಫ್ಯಾನಿನ ಸಣ್ಣ ವೈರ್ ಒಳಗ ಇನ್ನೂ ಹಿಡದಿರತೈತಿ. ಕೋರಿನ ಬಿಸಿ ಹೀಟ್‌ಸಿಂಕಿಗೆ ದಾಟಿಸೋ ಪೇಸ್ಟ್ ಒಣಗಿ ಹೊಲದಾಗ ಎರಿ ಮಣ್ಣು ಬಿರುಕು ಬಿಟ್ಟಂಗ ಆಗಿತ್ತು. ಜಿಪಿಯು ಸುತ್ತ 8 ಮೆಮೊರಿ ಚಿಪ್, ಒಂದೊಂದು ಒಂದೊಂದು ಜಿಬಿ, ಅವುಗಳ ಮ್ಯಾಲ ಬಿಸಿ ದಾಟಿಸೋ ಥರ್ಮಲ್ ಪ್ಯಾಡ್. ಎಲ್ಲಾ ಪ್ಯಾಡೂ ಎಣ್ಣಿ ಬಿಟ್ಟು ಪುಡಿಪುಡಿ, ಅದರಾಗ 8 ಪಿನ್ ಸಾಕೆಟ್ ಕಡೆದ್ದೊಂದು ಪ್ಯಾಡ್ ಅರ್ಧ ಸರದು ಚಿಪ್ಪಿನ ಒಂದು ಮಗ್ಗಲ ಬರಿಗಾಲಿನ್ಯಾಗ ನಿಂತಿತ್ತು. ಈ ಕಾರ್ಡಿನ ಮೆಮೊರಿ ಚಿಪ್ಪಿಗೆ ಟೆಂಪರೇಚರ್ ತೋರಸೋ ವ್ಯವಸ್ಥಾ ಇಲ್ಲ, ಸಾಫ್ಟ್‌ವೇರ್‌ನಾಗ ಕಾಣೋದು ಕೋರಿನ ಬಿಸಿ ಮಾತ್ರ. ಹಂಗಾಗಿ ಆ ಚಿಪ್ ಎಷ್ಟು ಬೆಂದಿತ್ತು ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ.

ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರಸಿದೆ, ಬ್ರಷ್ಷಿಂದ ಧೂಳು ತಗದೆ. ಬ್ಲೋವರ್ ಹಿಡಿಯೋವಾಗ ಫ್ಯಾನ್ ಬೆಟ್ಟಿಂದ ಒತ್ತಿ ಹಿಡ್ಕೊಂಡಿದ್ದೆ, ಇಲ್ಲಂದ್ರ ಗಾಳಿಗೆ ಹುಚ್ಚು ಹಿಡದಂಗ ತಿರುಗಿ ಬೇರಿಂಗ್ ಹಾಳಾಗತೈತಿ. ಪ್ಯಾಡಿನ ದಪ್ಪ ಹಳೇದನ್ನ ಒತ್ತದ ಜಾಗಾದಾಗ ವರ್ನಿಯರ್ ಹಿಡದು ನೋಡಿದೆ, ಒಂದು ಮಿಲಿಮೀಟರ್. ದಪ್ಪ ಪ್ಯಾಡ್ ಹಾಕಿದ್ರ ಹೀಟ್‌ಸಿಂಕ್ ಮ್ಯಾಲ ನಿಂತು ಕೋರಿಗೆ ತಾಗಂಗಿಲ್ಲ, ತೆಳು ಹಾಕಿದ್ರ ಮೆಮೊರಿಗೆ ತಾಗಂಗಿಲ್ಲ. ಊರಾಗ ಪೇಸ್ಟ್ ಸಿಕ್ತು, ಪ್ಯಾಡ್ ಸಿಗಲಿಲ್ಲ, ಆನ್‌ಲೈನ್ ತರಸಿದೆ. ಅಲ್ಲೀತನಕ ಕಾಕಾಗ ಪ್ರೀಮಿಯರ್‌ನಾಗ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ರೆಂಡರರ್ ಸಾಫ್ಟ್‌ವೇರ್ ಓನ್ಲಿ ಮಾಡಿ, ಜಿಟಿ 710 ಮ್ಯಾಲನ ಎಕ್ಸ್‌ಪೋರ್ಟ್ ಹಚ್ಚಿ ಮಲಗ್ರಿ ಅಂದೆ. ಭಾಳ ನಿಧಾನ, ಆದ್ರ ಎಲ್ಲಾ ಪ್ರೊಸೆಸರ್ ಮಾಡತೈತಿ, ಚೌಕ ಬರಂಗಿಲ್ಲ. ಸುರಗಿ ಸೀನ್ ಹಂಗ ಮತ್ತ ತಗದು ಪಾರ್ಟಿಗೆ ಕೊಟ್ರು.

ಪ್ಯಾಡ್ ಬಂದ ಮ್ಯಾಲ ಜೋಡಿಸಿ ಓಡಿಸಿದ್ರ ಕೋರ್ 86ರಿಂದ 72ಕ್ಕ ಇಳೀತು, ಫ್ಯಾನಿನ ಗದ್ದಲಾನೂ ಕಮ್ಮಿ ಆತು. ಎರರ್ ಲೆಕ್ಕ? ಮೊದಲ ಅರ್ಧ ತಾಸು ಸೊನ್ನೆ. ಆಮ್ಯಾಲ ಒಂದು, ಮೂರು, ಏಳು. ಮೆಮ್‌ಟೆಸ್ಟಿನ್ಯಾಗ ತಪ್ಪು ಬಂದ ಬಿಟ್ ಪ್ರತಿ ಸಲ ಅದ ಅದ. ಎಲ್ಲಾ ಚಿಪ್ ಸುಸ್ತಾಗಿದ್ರ ತಪ್ಪು ಎಲ್ಲಾ ಕಡೆ ಚದರಿ ಬರತಿತ್ತು, ಇದು ಒಂದ ಚಿಪ್ಪು ಇಲ್ಲಾ ಅದರ ಕೆಳಗಿನ ಬೆಸುಗಿ ಅನ್ನೋದು ನನ್ನ ಅಂದಾಜು, ಆ ಅರ್ಧ ಬರಿಗಾಲಿನ ಚಿಪ್ಪಿನ ಮ್ಯಾಲನ ನನ್ನ ಕಣ್ಣು. ಮೈನಿಂಗಿನ್ಯಾಗ ಹಗಲು ರಾತ್ರಿ ಬೆಂದು ಬೆಂದು ಹೋಗೈತಿ, ಪ್ಯಾಡ್ ಬದಲಿಸಿದ್ರ ಅದು ವಾಪಸ್ ಹುಟ್ಟಂಗಿಲ್ಲ.

ಕಾಕಾನ ಅಳಿಯ ಒಬ್ಬ ಮೊಬೈಲಿನ್ಯಾಗ ವಿಡಿಯೋ ತೋರಿಸಿದ, ಕಾರ್ಡನ್ನ ಓವನ್ನಿನ್ಯಾಗ ಇಟ್ಟು ಕಾಯಿಸಿದ್ರ ರಿಪೇರಿ ಆಗತೈತಿ ಅಂತ. ಬ್ಯಾಡಪಾ ಅಂದೆ. ಸೀಸ ಇಲ್ಲದ ಬೆಸುಗಿ ಕರಗೋದು 217 ಡಿಗ್ರಿ ಮ್ಯಾಲ, ಅಷ್ಟು ಕಾಯಿಸಿದ್ರ ಕೆಪ್ಯಾಸಿಟರು ಪ್ಲಾಸ್ಟಿಕ್ಕು ಎಲ್ಲಾ ಜೋಡಿನ ಬೇಯತಾವ, ಅಡಗಿ ಮಾಡೋ ಓವನ್ನಿನ್ಯಾಗ ಆ ಹೊಗಿ ಬ್ಯಾರೆ ಬೀಳತೈತಿ. ಆದ್ರೂ ಕೆಲವರದು ಸ್ವಲ್ಪ ದಿನ ನಡಿತೈತಿ, ಅದಕ್ಕ ವಿಡಿಯೋ ಹಾಕತಾರ, ಮತ್ತ ಕೆಟ್ಟಾಗ ಹಾಕಂಗಿಲ್ಲ. ಸರಿಯಾದ ದಾರಿ ಅಂದ್ರ ಬಿಜಿಎ ಮಷೀನ್ ಇದ್ದವ್ರ ಹತ್ರ ಆ ಒಂದು ಚಿಪ್ ಎಬ್ಬಿಸಿ ಬ್ಯಾರೆ ಕೂಡಸೋದು, ಚಿಪ್ಪಿನ ಕೆಳಗ 170 ಸಣ್ಣ ಬೆಸುಗಿ ಗುಂಡು ಇರ್ತಾವ, ಕೈಯಾಗ ಮಾಡೋ ಕೆಲಸ ಅಲ್ಲ. ಈ ಹಳೆ ಕಾರ್ಡಿಗೆ ಅಷ್ಟು ರೊಕ್ಕ ಸುರಿಯೋದು ನನಗ ಲುಕ್ಸಾನ ಅನ್ನಿಸ್ತು.

ಅದಕ್ಕ ಎಂಎಸ್‌ಐ ಆಫ್ಟರ್‌ಬರ್ನರ್‌ನಾಗ ಮೆಮೊರಿ 2000ರಿಂದ ಐವತ್ತೈವತ್ತು ಇಳಿಸ್ಕೊಂತ ಬಂದೆ. 1850ಕ್ಕ ಎರರ್ ಅಪರೂಪಕ್ಕ, 1800ಕ್ಕ ಸೊನ್ನೆ. ಬ್ಯಾಸಗಿ ಇನ್ನೂ ಮುಗದಿಲ್ಲ ಅಂತ 1750ಕ್ಕ ಇಟ್ಟು, ವಿಂಡೋಸ್ ಚಾಲೂ ಆದಾಗ ತಾನ ಅಪ್ಲೈ ಆಗೋಹಂಗ ಟಿಕ್ ಹಾಕಿದೆ. ಎಎಂಡಿ ಸಾಫ್ಟ್‌ವೇರಿನ್ಯಾಗಿನ ಟ್ಯೂನಿಂಗಿನ್ಯಾಗೂ ಇದನ್ನ ಮಾಡಬಹುದು, ಆದ್ರ ಮಷೀನ್ ಒಮ್ಮೆ ಅಡ್ಡಾತಿಡ್ಡಿ ಬಂದ್ ಆದ್ರ ಅದು ಸೆಟ್ಟಿಂಗ್ ಅಳಿಸಿ ಡಿಫಾಲ್ಟಿಗೆ ಹೋಗಿಬಿಡತೈತಿ, ಕರೆಂಟ್ ಹೋಗೋ ಊರಾಗ ಅದು ನಂಬೋದಲ್ಲ. ಎಕ್ಸ್‌ಪೋರ್ಟ್ ಟೈಮಿನ್ಯಾಗ ಕಾಕಾಗ ಫರಕ್ ಗೊತ್ತ ಆಗಿಲ್ಲ. ಎರಡು ಮಾನಿಟರ್ ಹಚ್ಚಿ ರಾತ್ರಿ ಪೂರಾ ರೆಂಡರ್ ಬಿಟ್ರು, ಮುಂಜಾನೆ ಎಚ್‌ಡಬ್ಲ್ಯೂ-ಇನ್ಫೋ ಸಾಲಿನ ಫೋಟೋ ಕಳಿಸಿದ್ರು, ಸೊನ್ನೆ ಇತ್ತು.

ದೀಪಾವಳಿ ಹೊತ್ತಿಗೆ ಬ್ಯಾರೆ ಕಾರ್ಡ್ ತಗೋತೀನಿ ಅಂದಾರ, ಮತ್ತ ಸೆಕೆಂಡ್ ಹ್ಯಾಂಡೇ ಬೇಕಂತ. ಹಂಗಿದ್ರ ಮಾರೋನ ಮುಂದನ ಜಿಪಿಯು-ಝಡ್ ತಗಸಿ ಡಿಫಾಲ್ಟ್ ಕ್ಲಾಕ್ ಕಂಪನಿದ ಐತೋ ಇಲ್ಲೋ ನೋಡ್ರಿ, ಬಯಾಸ್ ಸ್ವಿಚ್ ಇದ್ರ ಎರಡೂ ಕಡೆ ನೋಡ್ರಿ, ಕಾರ್ಡ್ ಬಿಸಿ ಆದ ಮ್ಯಾಲ ಅರ್ಧ ತಾಸು ಮೆಮ್‌ಟೆಸ್ಟ್ ಓಡಸ್ರಿ, ಒಪ್ಪಲಿಲ್ಲ ಅಂದ್ರ ಎದ್ದು ಬರ್ರಿ ಅಂತ ಹೇಳೀನಿ. ಎಸ್‌ಎಂಪಿಎಸ್ ನಂದ ಅಲ್ಲೇ ಐತಿ, ರೊಕ್ಕ ಆಲ್ಬಂ ಬಿಲ್ಲಿನ್ಯಾಗ ಹಿಡ್ಕೋ ತಮ್ಮಾ ಅಂದಾರ, ನಮ್ಮ ತಂಗಿ ಲಗ್ನ ಮುಂದಿನ ವರ್ಷ.